ಬ್ಯಾಡಗಿಯಲ್ಲಿ ಮೂರೂ ಹೊತ್ತು ಹೊರಗೆ ಊಟ: ರಾತ್ರಿ ಎಂಟರ ಮೇಲೆ ಎಲ್ಲಿ ಹೋಗೋದು?

ಕಾವೇರಿ ಸೀಮೆಯವಳು

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ಕಡೆಯವಳು. ಕೆಲಸದ ಮೇಲೆ ಬ್ಯಾಡಗಿಗೆ ಬಂದು ಮೂರು ವಾರ ಆಯಿತು. ನರ್ಸ್ ಕೆಲಸ, ಪಾಳಿ ಬದಲಾಗುತ್ತಿರುತ್ತದೆ. ಬಾಡಿಗೆಗೆ ಒಂದು ಕೋಣೆ ಸಿಕ್ಕಿದೆ. ಮನೆಯವರು ಒಳ್ಳೆಯವರು, ಆದರೆ ಕೋಣೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ನೀರು ಕಾಯಿಸಲು ಕೆಟಲ್ ಇದೆ, ಅಷ್ಟೇ. ಹಾಗಾಗಿ ಮೂರೂ ಹೊತ್ತು ಹೊರಗೇ.

ತಿಂಡಿಗೆ ತೊಂದರೆ ಇಲ್ಲ. ಇಡ್ಲಿ, ಪಡ್ಡು, ಉಪ್ಪಿಟ್ಟು ಎಲ್ಲ ಬಿಸಿಬಿಸಿ ಸಿಗುತ್ತೆ. ಕಾಫಿ ಬದಲು ಚಹಾ ಕುಡಿಯೋದನ್ನೂ ಕಲಿತೆ. ಮಧ್ಯಾಹ್ನ ಹೇಗೋ ಆಗುತ್ತೆ. ಕಷ್ಟ ರಾತ್ರಿಯದು. ಎರಡನೇ ಪಾಳಿ ಮುಗಿಸಿ ಹೊರಗೆ ಬರುವಾಗ ಎಂಟೂಕಾಲು. ಅಷ್ಟೊತ್ತಿಗೆ ಊಟದ ಹೋಟೆಲಿನವರು ನೆಲ ಒರೆಸುತ್ತಿರುತ್ತಾರೆ. ತೆರೆದಿರುವುದು ಗೋಬಿ ಗಾಡಿ, ಎಗ್‌ರೈಸ್ ಗಾಡಿ, ಮತ್ತೆ ಬಾರ್ ಜೊತೆಗಿರುವ ಹೋಟೆಲುಗಳು.

ಮೊನ್ನೆ ಧೈರ್ಯ ಮಾಡಿ ಒಂದು ಕಡೆ ಹೋದೆ. "ಫ್ಯಾಮಿಲಿ ರೂಮಿಗೆ ಹೋಗ್ರಿ ಮೇಡಂ" ಅಂದರು. ಪರದೆ ಎಳೆದ ಸಣ್ಣ ಗೂಡು. ಫ್ಯಾನ್ ತಿರುಗುತ್ತಿರಲಿಲ್ಲ. ಇಪ್ಪತ್ತು ನಿಮಿಷ ಯಾರೂ ಬಂದು ಕೇಳಲಿಲ್ಲ. ನಾನೇ ಎದ್ದು ಗಲ್ಲಾ ಹತ್ತಿರ ಹೋಗಿ ಹೇಳಿದೆ. ಅಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ತಂದಿಟ್ಟ ಅನ್ನ ತಣ್ಣಗಿತ್ತು. ಅರ್ಧ ತಿಂದು ಎದ್ದು ಬಂದೆ. ರೂಮಿಗೆ ಬಂದಮೇಲೆ ಅಳು ಬಂತು, ಸುಮ್ನೆ ಹೇಳುತ್ತಿಲ್ಲ.

ಆಮೇಲೆ ಒಂದು ವಾರ ರಾತ್ರಿಗೆ ಬ್ರೆಡ್ಡು, ಬಾಳೆಹಣ್ಣು. ಹೀಗೇ ಎಷ್ಟು ದಿನ ಅಂತ ಮಾಡೋದು? ಇಲ್ಲಿ ಒಬ್ಬರೇ ಇರುವ ಹೆಣ್ಣುಮಕ್ಕಳು ರಾತ್ರಿ ಊಟಕ್ಕೆ ಏನು ಮಾಡ್ತೀರಿ? ಇನ್ನೊಂದು ಮಾತು: ಇಲ್ಲಿನ ಪಲ್ಯ, ಸಾರು ಎಲ್ಲ ಕೆಂಪಗೆ ಕಾಣುತ್ತೆ. ನನಗೆ ಖಾರ ಆಗಿ ಬರೋದಿಲ್ಲ.

ಸ್ಟೇಷನ್ ರಸ್ತೆ

ಮೇಡಂ, ಹೋಟೆಲ್ ಅಂತ ಹುಡುಕಬೇಡಿ. ಖಾನಾವಳಿ ಅಂತ ಕೇಳಿ. ಬೋರ್ಡು ದೊಡ್ಡದಿರಲ್ಲ, ಎಷ್ಟೋ ಕಡೆ ಮನೆಯ ಮುಂದಿನ ಪಡಸಾಲೆಯೇ ಖಾನಾವಳಿ. ಒಳಗೆ ಅಡುಗೆ ಮಾಡೋರು, ಬಡಿಸೋರು, ದುಡ್ಡು ತಗೊಳ್ಳೋರು ಹೆಚ್ಚಾಗಿ ಹೆಣ್ಣುಮಕ್ಕಳೇ. ಎರಡು ರೊಟ್ಟಿ ಇಲ್ಲಾ ಚಪಾತಿ, ಒಂದು ಕಾಳು ಪಲ್ಯ, ಒಂದು ತರಕಾರಿ ಪಲ್ಯ, ಶೇಂಗಾ ಚಟ್ನಿ, ಹಸಿ ಈರುಳ್ಳಿ, ಮೊಸರು, ಆಮೇಲೆ ಅನ್ನ ಸಾರು. ನಾನು ಹೋಗುವ ಕಡೆ 70 ರೂಪಾಯಿ. ಹೆಚ್ಚಿನ ರೊಟ್ಟಿಗೆ 10.

ಖಾರದ ಬಗ್ಗೆ ಹೆದರಬೇಡಿ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ನೋಡಲು ಬೆಂಕಿ ಹಾಗೆ ಇರುತ್ತೆ, ಬಾಯಿಗೆ ಹಾಕಿದರೆ ಅಷ್ಟಿಲ್ಲ. ಹುಷಾರಾಗಿ ಇರಬೇಕಾದ್ದು ಹಸಿಮೆಣಸಿನ ಚಟ್ನಿಯಿಂದ.

ಅಡತಿ ಗುಮಾಸ್ತ

ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಊರಿಗೆ ಹೊಸಬರಿಗೆ ಇದು ಗೊತ್ತಿರಲ್ಲ.

ಇಲ್ಲಿ ಸೋಮವಾರ, ಗುರುವಾರ ಎಪಿಎಂಸಿಯಲ್ಲಿ ಮೆಣಸಿನಕಾಯಿ ವಹಿವಾಟು. ಸೀಸನ್‌ನಲ್ಲಿ ಒಂದೊಂದು ದಿನ ಲಕ್ಷಕ್ಕೂ ಮೀರಿ ಚೀಲ ಬರುತ್ತೆ. ಗದಗ, ಬಳ್ಳಾರಿ, ರಾಯಚೂರು, ಆಂಧ್ರ ಕಡೆಯಿಂದೆಲ್ಲ ರೈತರು ಹಿಂದಿನ ರಾತ್ರಿಯೇ ಬಂದು ಚೀಲದ ಪಕ್ಕ ಮಲಗಿರುತ್ತಾರೆ. ಅವರ ಜೊತೆ ಲಾರಿಯವರು, ಹಮಾಲರು, ಖರೀದಿದಾರರು. ಇಷ್ಟು ಜನ ಈ ಸಣ್ಣ ಊರಲ್ಲಿ ಎರಡು ಹೊತ್ತು ಉಣ್ಣಬೇಕು. ಅವತ್ತು ಖಾನಾವಳಿಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರ ತನಕ ಜಾಗ ಸಿಗಲ್ಲ. ಒಬ್ಬರು ಏಳುವ ಮೊದಲೇ ಇನ್ನೊಬ್ಬರು ಬೆನ್ನ ಹಿಂದೆ ನಿಂತಿರುತ್ತಾರೆ. ರೊಟ್ಟಿ ಖಾಲಿಯಾಗಿ ಬರೀ ಅನ್ನ ಸಾರು ಉಳಿದಿರುತ್ತೆ. ನೀವು ಅಂಥ ದಿನ ಹೋಗಿ "ಊಟ ಚೆನ್ನಾಗಿಲ್ಲ" ಅಂದುಕೊಂಡರೆ ಅದು ಊಟದ ತಪ್ಪಲ್ಲ.

ಅದೇ ಮಂಗಳವಾರ ಹೋಗಿ ನೋಡಿ. ಅವರು ಪಕ್ಕದಲ್ಲಿ ಕೂತು ಮಾತಾಡುತ್ತಾರೆ. ಎಣ್ಣೆಗಾಯಿ ಇನ್ನೊಂದು ಹಾಕುತ್ತಾರೆ. ನಾನು ಹದಿನಾಲ್ಕು ವರ್ಷದಿಂದ ಒಂದೇ ಖಾನಾವಳಿಯಲ್ಲಿ ಮಧ್ಯಾಹ್ನ ಉಣ್ಣುತ್ತಿದ್ದೇನೆ. ಸೋಮವಾರ, ಗುರುವಾರ ಮಾತ್ರ ಹನ್ನೊಂದೂವರೆಗೇ ಹೋಗಿ ಮುಗಿಸಿ ಬರುತ್ತೇನೆ. ನಮ್ಮ ಅಂಗಡಿಯಲ್ಲಿ ಎಲ್ಲರೂ ಹಾಗೇ ಸರದಿ ಮಾಡಿಕೊಂಡಿದ್ದೇವೆ.

ಮೋಟೆಬೆನ್ನೂರು

ರಾತ್ರಿ ಎಂಟರ ಮೇಲೆ ಅಂದರೆ ಖಾನಾವಳಿಯೂ ಮುಚ್ಚಿರುತ್ತೆ ಅಲ್ವಾ? ಹೆದ್ದಾರಿ ಧಾಬಾಗಳು ತೆರೆದಿರುತ್ತವೆ, ಆದರೆ ಗಾಡಿ ಇಲ್ಲದ ಹೆಣ್ಣುಮಗಳು ರಾತ್ರಿ ಅಷ್ಟು ದೂರ ಹೋಗಿ ಬರೋದು ಹೇಗೆ? ಎಗ್‌ರೈಸ್ ಗಾಡಿಯಿಂದ ಪಾರ್ಸೆಲ್ ತಗೊಳ್ಳೋದೇ ವಾಸಿ ಅನ್ನಿಸುತ್ತೆ. ಕಣ್ಣ ಮುಂದೆಯೇ ಮಾಡಿಕೊಡುತ್ತಾರೆ.

ಗೋಬಿ ಮಾತ್ರ ನೋಡಿ ತಗೊಳ್ಳಿ. 2024ರ ಮಾರ್ಚ್‌ನಲ್ಲೇ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಆದೇಶ ಮಾಡಿದೆ. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಅದೇ ಆದೇಶ ಬಂತು. ಆದರೂ ಬೆರಳಿಗೆ ಕೆಂಪು ಅಂಟಿ ಸೋಪು ಹಾಕಿದರೂ ಹೋಗದಂಥ ಗೋಬಿ ನಾನು ಆಮೇಲೂ ತಿಂದಿದ್ದೇನೆ. ಎಲ್ಲಿ ಅಂತ ಹೇಳಲ್ಲ. ನಮ್ಮ ಮೆಣಸಿನಕಾಯಿಯ ಬಣ್ಣ ತೆಗೆಯೋಕೆ ಇಲ್ಲಿ ಕಾರ್ಖಾನೆಗಳೇ ಇವೆ, ಅದು ಹೊರದೇಶಕ್ಕೂ ಹೋಗುತ್ತೆ. ಅಂಥ ಊರಲ್ಲಿ ಡಬ್ಬಿಯ ಬಣ್ಣ ಯಾಕೆ ಬೇಕು? ಒಂದು ಚಮಚ ಬ್ಯಾಡಗಿ ಖಾರದಪುಡಿ ಸಾಕಲ್ಲ.

ರೊಟ್ಟಿ ಮನೆ ಮಗಳು

ಅಕ್ಕಾ, ನಿಮ್ಮ ಮಾತು ಓದಿ ಬೇಜಾರಾಯಿತು. ನಮ್ಮ ಅವ್ವ ರಾಣೆಬೆನ್ನೂರಿನಲ್ಲಿ ಇಪ್ಪತ್ತೆರಡು ವರ್ಷ ಖಾನಾವಳಿ ನಡೆಸಿದಳು. ನಾನು ಅಲ್ಲೇ ಹೋಮ್‌ವರ್ಕ್ ಮಾಡಿ, ಅಲ್ಲೇ ತಟ್ಟೆ ಇಟ್ಟು ಬೆಳೆದವಳು. ಒಳಗಿನ ಲೆಕ್ಕ ಗೊತ್ತಾದರೆ ನಿಮಗೆ ದಾರಿ ಸಿಗುತ್ತೆ. ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಖಾನಾವಳಿ ಎಂಟಕ್ಕೆ ಯಾಕೆ ಮುಚ್ಚುತ್ತೆ ಗೊತ್ತಾ? ಜನ ಬರಲ್ಲ ಅಂತ ಅಲ್ಲ. ರೊಟ್ಟಿ ಬಡಿಯುವವರು ಮನೆಗೆ ಹೋಗಬೇಕು. ನಮ್ಮಲ್ಲಿ ಇಬ್ಬರು ಬರುತ್ತಿದ್ದರು, ಇಬ್ಬರೂ ಪಕ್ಕದ ಹಳ್ಳಿಯವರು. ಏಳೂವರೆಯ ಬಸ್ಸು ತಪ್ಪಿದರೆ ಅವರಿಗೆ ಬೇರೆ ಬಸ್ಸಿಲ್ಲ. ಮನೆಯಲ್ಲಿ ಅವರ ಮಕ್ಕಳೂ ಉಣ್ಣಬೇಕು. ಅವರು ಎದ್ದರು ಅಂದರೆ ಹಂಚು ಇಳಿಯಿತು ಅಂತಲೇ.

ಅನ್ನ, ಸಾರು ಯಾರು ಬೇಕಾದರೂ ಬಿಸಿ ಮಾಡಿ ಕೊಡಬಹುದು. ಜೋಳದ ರೊಟ್ಟಿ ಹಾಗಲ್ಲ. ಎಸರು ಕುದಿಯಬೇಕು, ಹಿಟ್ಟಿಗೆ ಸುರಿದು ಕೈ ಸುಡುವಾಗಲೇ ನಾದಬೇಕು. ತಣ್ಣಗಾದರೆ ಜಿಗಿ ಹೋಗಿ ಬಡಿಯುವಾಗ ಅಂಚು ಸೀಳುತ್ತೆ. ಒಂದು ಮುದ್ದೆ ಹಿಟ್ಟು ತಗೊಂಡು ತಿರುಗಿಸುತ್ತಾ ತಿರುಗಿಸುತ್ತಾ ಅಂಗೈಯಲ್ಲಿ ಬಡಿದು ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ ಹಾಕಿ, ಕೊನೆಗೆ ಅದು ಉಬ್ಬಬೇಕು. ಒಂದು ರೊಟ್ಟಿಗೆ ಎರಡು ನಿಮಿಷ ಅಂದುಕೊಳ್ಳಿ. ಸಂತೆ ದಿನ ನಮ್ಮಲ್ಲಿ ಮುನ್ನೂರು ರೊಟ್ಟಿ ಆಗುತ್ತಿತ್ತು. ಅವ್ವನ ಬಲಗೈ ಭುಜ ಈಗಲೂ ರಾತ್ರಿ ನೋಯುತ್ತೆ.

ಜೋಳವೂ ಈಗ ಮೊದಲಿನ ಹಾಗೆ ಸಿಗಲ್ಲ. ನಮ್ಮ ಹಾವೇರಿ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಗೋವಿನಜೋಳ, ಅಂದರೆ ಮೆಕ್ಕೆಜೋಳ. ಒಳ್ಳೆ ಹಿಂಗಾರಿ ಬಿಳಿಜೋಳ ಬೇಕು ಅಂದರೆ ಗದಗ, ವಿಜಯಪುರ ಕಡೆಯಿಂದ ಬರಬೇಕು. ಅವ್ವ ಮಾಲದಂಡಿ ಜೋಳ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ರೇಟು ಏರಿದ ವರ್ಷವೂ ಅಷ್ಟೇ. ಅದಕ್ಕೇ ಹೆಚ್ಚಿನ ರೊಟ್ಟಿಗೆ ಹತ್ತು ರೂಪಾಯಿ ಕೇಳಿದರೆ ದಯವಿಟ್ಟು ಮುಖ ಗಂಟು ಹಾಕಬೇಡಿ.

ಈಗ ನಿಮ್ಮ ವಿಷಯ. ಹೋಗಿ ಒಂದು ಮಧ್ಯಾಹ್ನ ಊಟ ಮಾಡಿ. ಗಿರಾಕಿ ಕಡಿಮೆ ಆದಮೇಲೆ, ಎರಡೂವರೆ ಸುಮಾರಿಗೆ, ಖಾನಾವಳಿ ನಡೆಸುವವರ ಹತ್ತಿರ ನೇರ ಹೇಳಿ: "ಅವ್ವಾರ, ನಾನು ಇಂಥ ಕಡೆ ನರ್ಸ್. ಇಂಥ ವಾರ ರಾತ್ರಿ ಎಂಟೂಕಾಲಿಗೆ ಬರ್ತೀನಿ. ನನಗೊಂದು ಊಟ ತೆಗೆದಿಡ್ತೀರಾ?" ಅಷ್ಟೇ. ತಿಂಗಳ ಲೆಕ್ಕ ಹಚ್ಚಿ ಅಂತಲೂ ಕೇಳಿ. ಎಲ್ಲ ಖಾನಾವಳಿಯಲ್ಲೂ ತಿಂಗಳ ಗಿರಾಕಿಗಳಿಗೆ ಒಂದು ಪುಸ್ತಕ ಇರುತ್ತೆ. ಮೇಷ್ಟ್ರು, ಬ್ಯಾಂಕಿನವರು, ಕಂಡಕ್ಟರುಗಳು ಅದರಲ್ಲಿ ಇರುತ್ತಾರೆ. ಆ ಪುಸ್ತಕದಲ್ಲಿ ಹೆಸರು ಬಂತು ಅಂದರೆ ನೀವು ಗಿರಾಕಿ ಅಲ್ಲ, ಮನೆಯವರ ಲೆಕ್ಕ. ಬಾಗಿಲು ಮುಚ್ಚಿದರೂ ಒಳಗಿನ ಬಾಗಿಲು ನಿಮಗೆ ತೆರೆದಿರುತ್ತೆ.

ಒಂದು ಮಾತು ತಪ್ಪಬೇಡಿ. ಬರಲ್ಲ ಅಂದರೆ ಸಂಜೆ ಐದರೊಳಗೆ ಫೋನ್ ಮಾಡಿ ಹೇಳಿ. ತೆಗೆದಿಟ್ಟ ಊಟ ಉಳಿದ ರಾತ್ರಿ ಅವ್ವ ಎಷ್ಟು ಬೇಜಾರು ಮಾಡಿಕೊಳ್ಳುತ್ತಿದ್ದಳು ಅಂತ ನನಗೆ ಗೊತ್ತು.

ಮತ್ತೆ, ಒಂದು ಕಟ್ಟು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ರೂಮಿನಲ್ಲಿ ಇಟ್ಟುಕೊಳ್ಳಿ. ತೇವ ತಾಗದಿದ್ದರೆ ತಿಂಗಳು ಇದ್ದರೂ ಏನೂ ಆಗಲ್ಲ. ಮೊಸರು, ಒಂದು ಹಸಿ ಈರುಳ್ಳಿ ಇದ್ದರೆ ಅದೇ ಊಟ. ಹಲ್ಲಿಗೆ ಗಟ್ಟಿ ಅನ್ನಿಸಿದರೆ ನೀರು ಚಿಮುಕಿಸಿ ಬಟ್ಟೆಯಲ್ಲಿ ಸುತ್ತಿ ಐದು ನಿಮಿಷ ಬಿಡಿ. ಬ್ರೆಡ್ಡಿನ ಸಹವಾಸ ಬಿಡಿ ಅಕ್ಕಾ.

ಹಾನಗಲ್ ಅಕ್ಕ

ತಂಗಿ ಬರೆದಿದ್ದು ಬಹಳ ಚೆನ್ನಾಗಿದೆ. ಆದರೆ ನನಗೆ ಒಂದು ಮಾತು ಒಪ್ಪಿಗೆ ಇಲ್ಲ, ಹೇಳಿಯೇ ಬಿಡುತ್ತೇನೆ.

ಒಬ್ಬಳು ಹೆಣ್ಣುಮಗಳು ದುಡಿದು ದಣಿದು ಬಂದು ಊಟ ಮಾಡಬೇಕು ಅಂದರೆ ಪರಿಚಯ ಮಾಡಿಕೊಳ್ಳಬೇಕು, ವಿನಂತಿ ಮಾಡಿಕೊಳ್ಳಬೇಕು. ಗಂಡಸರು ಹಾಗೆ ಕೇಳಿಕೊಳ್ಳುತ್ತಾರಾ? ಎಲ್ಲಿ ಬೇಕೋ ಅಲ್ಲಿ ಹೋಗಿ ಕೂರುತ್ತಾರೆ. ನಾನು ಮೂವತ್ತು ವರ್ಷ ಸರ್ಕಾರಿ ನೌಕರಿ ಮಾಡಿದೆ. ಏಳು ಊರಿಗೆ ವರ್ಗಾವಣೆ ಆಯಿತು. ಏಳೂ ಊರಿನಲ್ಲಿ ನನ್ನನ್ನು ಫ್ಯಾಮಿಲಿ ರೂಮಿಗೆ ಕಳಿಸಿದ್ದಾರೆ. ಫ್ಯಾಮಿಲಿ ಇಲ್ಲದೆ ಒಬ್ಬಳೇ ಬಂದವಳನ್ನು ಪರದೆ ಹಿಂದೆ ಕೂರಿಸಿದರೆ ಯಾರಿಗೆ ಒಳ್ಳೆಯದು? ಹೊರಗೆ ಕೂತರೆ ನಾಲ್ಕು ಜನ ಕಾಣುತ್ತಾರೆ, ಬಡಿಸುವವನು ಕಾಣುತ್ತಾನೆ, ಗಾಳಿ ಬರುತ್ತೆ. ಪರದೆ ಹಿಂದೆಯೇ ನನಗೆ ಹೆಚ್ಚು ಹೆದರಿಕೆ ಆಗಿದ್ದು.

ನಾನು ಆಮೇಲಾಮೇಲೆ "ಇಲ್ಲೇ ಕೂರ್ತೀನಿ" ಅಂತ ಗಲ್ಲಾ ಎದುರಿನ ಮೇಜಿಗೇ ಹೋಗಿ ಕೂರುತ್ತಿದ್ದೆ. ಮೊದಲ ದಿನ ಎಲ್ಲರೂ ನೋಡಿದರು. ಮೂರನೇ ದಿನ ಯಾರೂ ನೋಡಲಿಲ್ಲ. ನೀವೂ ಹಾಗೇ ಮಾಡಿ ನೋಡಿ. ನಾವು ಕೂತರೆ ನಮ್ಮ ನಂತರ ಬರುವವಳಿಗೆ ಸಲೀಸು.

ರೊಟ್ಟಿ ಮನೆ ಮಗಳು

ಅಕ್ಕಾರ, ನೀವು ಹೇಳಿದ್ದು ನಿಜ. ಪರದೆ ವಿಷಯದಲ್ಲಿ ನಾನೂ ನಿಮ್ಮ ಕಡೆಯೇ. ಆದರೆ ಖಾನಾವಳಿಯಲ್ಲಿ ಹೇಳಿಡೋದು ವಿನಂತಿ ಅಲ್ಲ. ಗಂಡಸರೂ ಹೇಳಿಯೇ ಇಡುತ್ತಾರೆ. ಕೊನೆ ಬಸ್ಸಿನ ಡ್ರೈವರ್ ಕಾಕಾ ಒಬ್ಬರು ದಿನಾ ಮಧ್ಯಾಹ್ನ ಬಂದು "ರಾತ್ರಿ ನನ್ನದೊಂದು ಐತಿ" ಅಂತ ಹೇಳಿಯೇ ಹೋಗುತ್ತಿದ್ದರು. ಎಷ್ಟು ಹಿಟ್ಟು ಕಲಸಬೇಕು ಅಂತ ಒಳಗೆ ಗೊತ್ತಾಗಬೇಕಲ್ಲ, ಅದಕ್ಕೆ.

ಹಾನಗಲ್ ಅಕ್ಕ

ಹಾಗಾದರೆ ಸರಿ ತಂಗಿ. ಅದು ಒಪ್ಪುವ ಮಾತು.

ಬೆಂಗಳೂರಲ್ಲಿ ಬ್ಯಾಡಗಿಯವ

ಮೇಡಂ, ಕೈಯಲ್ಲಿ ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂತಲ್ಲ, ಆಮೇಲೆ ಎಷ್ಟೋ ಸಣ್ಣ ಹೋಟೆಲಿನವರು ಸ್ಕ್ಯಾನರ್ ತೆಗೆದು ಒಳಗಿಟ್ಟರು. ಕೆಲವರು ಮತ್ತೆ ಹಾಕಿದ್ದಾರೆ, ಕೆಲವರಿಗೆ ಇನ್ನೂ ಹೆದರಿಕೆ ಹೋಗಿಲ್ಲ. ಊಟ ಆದಮೇಲೆ ಫೋನ್ ತೋರಿಸಿ ಇಬ್ಬರೂ ಮುಜುಗರ ಪಡೋದು ಬೇಡ.

ನಾನು ಊರಿಗೆ ಬಂದಾಗ ಬಸ್ಸಿಳಿದು ಮೊದಲು ಮಾಡೋ ಕೆಲಸ ಮಿರ್ಚಿ, ಮಂಡಕ್ಕಿ ತಿನ್ನೋದು. ಆಮೇಲೆ ಮನೆ.

ಹಾವೇರಿ ಮೇಷ್ಟ್ರು

ಭಾನುವಾರದ ಬಗ್ಗೆ ಯಾರೂ ಹೇಳಲಿಲ್ಲ. ಕೆಲವು ಖಾನಾವಳಿಗಳು ಭಾನುವಾರ ರಜೆ. ರಜೆ ಇದ್ದ ಭಾನುವಾರ ಹಾವೇರಿಗೆ ಬನ್ನಿ, ಶಕ್ತಿ ಯೋಜನೆಯಲ್ಲಿ ನಿಮಗೆ ಬಸ್ಸು ಹೇಗೂ ಉಚಿತ. ಮಾಂಸ ತಿನ್ನುವವರಾದರೆ ಸಾವಜಿ ಖಾನಾವಳಿ ಹುಡುಕಿ. ಖೀಮಾ ಉಂಡೆ ಒಮ್ಮೆ ರುಚಿ ನೋಡಲೇಬೇಕು. ಆದರೆ ಅಲ್ಲಿ ಖಾರ ನಿಜವಾದ ಖಾರ, ಬ್ಯಾಡಗಿಯ ಬಣ್ಣದ ಖಾರ ಅಲ್ಲ. ಮೊದಲೇ ಮೊಸರು ಹೇಳಿಬಿಡಿ. ಸವಣೂರು ಕಡೆ ಹೋದರೆ ಅಲ್ಲಿನ ಖಾರಾ (ಕುರುಕಲು ತಿಂಡಿ) ತನ್ನಿ. ರಾತ್ರಿ ಪಾಳಿಯಲ್ಲಿ ಚಹಾ ಜೊತೆಗೆ ಒಳ್ಳೆಯದು.

ಕಾವೇರಿ ಸೀಮೆಯವಳು (ಹನ್ನೆರಡು ದಿನದ ನಂತರ)

ಎಲ್ಲರಿಗೂ ತುಂಬಾ ಧನ್ಯವಾದ. ಏನಾಯಿತು ಅಂತ ಹೇಳದೆ ಸುಮ್ಮನಿದ್ದರೆ ತಪ್ಪಾಗುತ್ತೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಹೋಗಿದ್ದು ಗುರುವಾರ. ಅಡತಿ ಅಣ್ಣ ಹೇಳಿದ್ದು ಮರೆತೇ ಹೋಗಿತ್ತು. ಬೀದಿಗೆ ಕಾಲಿಟ್ಟ ಕೂಡಲೇ ಮೆಣಸಿನಕಾಯಿ ಘಾಟಿಗೆ ಸೀನು ಶುರುವಾಯಿತು. ಖಾನಾವಳಿ ಬಾಗಿಲಲ್ಲೇ ಹತ್ತು ಜನ. ವಾಪಸ್ ಬಂದೆ. ಶುಕ್ರವಾರ ಎರಡು ಗಂಟೆಗೆ ಹೋದೆ. ಆರೇಳು ಜನ ಇದ್ದರು. ಅರವತ್ತರ ಮೇಲಿನ ಒಬ್ಬ ಅವ್ವ ನನ್ನ ತಟ್ಟೆಗೆ ಮಡಿಕೆಕಾಳು ಪಲ್ಯ ಹಾಕುತ್ತಾ "ಯಾವೂರವಾ?" ಅಂದರು. ಮಂಡ್ಯ ಅಂದೆ. "ಅಯ್ಯ, ಮುದ್ದಿ ಉಣ್ಣೋರು. ರೊಟ್ಟಿ ಮುರಿಯಾಕ ಬರ್ತೈತಿಲ್ಲೋ?" ಅಂತ ಪಕ್ಕದಲ್ಲೇ ನಿಂತು ನೋಡಿದರು. ನಾನು ಚಪಾತಿ ಹಾಗೆ ಮಡಚಿ ಹರಿಯುತ್ತಿದ್ದೆ. ಅವರು ತೋರಿಸಿಕೊಟ್ಟರು: ಪಲ್ಯ ರೊಟ್ಟಿಯ ಮೇಲೇ ಹಾಕಿಕೊಳ್ಳಬೇಕು, ಅಂಚಿನಿಂದ ಮುರಿಯುತ್ತಾ ಬರಬೇಕು, ಪಲ್ಯದ ರಸ ಕುಡಿದು ಮೆತ್ತಗಾದ ನಡುವಿನ ಭಾಗ ಕೊನೆಗೆ. ಆ ಕೊನೆಯ ತುತ್ತು ಎಷ್ಟು ರುಚಿ ಅಂತ ನನಗೆ ಇಷ್ಟು ದಿನ ಗೊತ್ತಿರಲಿಲ್ಲ.

ಊಟ ಆದಮೇಲೆ ರೊಟ್ಟಿ ಮನೆ ತಂಗಿ ಹೇಳಿಕೊಟ್ಟ ಹಾಗೇ ಕೇಳಿದೆ. ಅವರು ಒಂದು ನಿಮಿಷ ಯೋಚನೆ ಮಾಡಿ, "ಎಂಟೂವರಿ ತನಕ ನಾ ಭಾಂಡೆ ತೊಳೀತಿರ್ತೀನಿ. ಹಿಂದಿನ ಬಾಗಲಕ ಬಾ" ಅಂದರು. ಪುಸ್ತಕ ತೆಗೆದು ಹೆಸರು ಬರೆಸಿಕೊಂಡರು. ನನ್ನ ಹೆಸರಲ್ಲ, "ನರಸವ್ವ" ಅಂತ. ಈಗ ಅಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ.

ರಾತ್ರಿ ಹೋದಾಗ ಬುಟ್ಟಿಯಲ್ಲಿ ಬಿಳಿ ಬಟ್ಟೆ ಸುತ್ತಿ ಎರಡು ರೊಟ್ಟಿ ಇಟ್ಟಿರುತ್ತಾರೆ. ಬಿಸಿ ಹೋಗಿರುತ್ತೆ, ಆದರೆ ಮೆತ್ತಗೇ ಇರುತ್ತೆ. ಸಾರು ಮಾತ್ರ ಬಿಸಿ ಮಾಡುತ್ತಾರೆ. ಅಡುಗೆಮನೆಯ ಮಣೆ ಮೇಲೆ ಕೂತು ಉಣ್ಣುತ್ತೇನೆ. ನಾನು ಉಣ್ಣುವಾಗ ಅವರು ಮರುದಿನದ ಕಾಳು ಆರಿಸಿ ನೆನೆಹಾಕುತ್ತಾರೆ. ಎರಡು ದಿನ ನಾನೂ ಆರಿಸಿಕೊಟ್ಟೆ. ಮೂರನೇ ದಿನ "ದಣಿದ ಬಂದಿ, ಸುಮ್ನ ಉಣ್ಣು" ಅಂತ ಮೊರ ಕಿತ್ತುಕೊಂಡರು.

ಹಾನಗಲ್ ಅಕ್ಕನ ಮಾತನ್ನೂ ಬಿಟ್ಟಿಲ್ಲ. ಭಾನುವಾರ ಖಾನಾವಳಿ ಇರಲಿಲ್ಲ. ಅದೇ ಹಳೇ ಹೋಟೆಲಿಗೆ ಹೋದೆ. ಫ್ಯಾಮಿಲಿ ರೂಮ್ ಅಂದರು, "ಇಲ್ಲೇ ಕೂರ್ತೀನಿ" ಅಂದೆ. ದನಿ ಸ್ವಲ್ಪ ನಡುಗಿತು. ಮ್ಯಾನೇಜರ್ ಏನೂ ಅನ್ನಲಿಲ್ಲ. ಫ್ಯಾನ್ ಕೆಳಗಿನ ಮೇಜು ಒರೆಸಿಸಿ ಕೊಟ್ಟರು. ಊಟ ಬಿಸಿಯಾಗಿತ್ತು.

ಹಾನಗಲ್ ಅಕ್ಕ

ಓದಿ ಕಣ್ಣಲ್ಲಿ ನೀರು ಬಂತು ತಂಗಿ. ಮುಂದಿನ ಭಾನುವಾರವೂ ಅಲ್ಲೇ ಕೂರು.

ಅಡತಿ ಗುಮಾಸ್ತ

"ನರಸವ್ವ" ಅಂದಮೇಲೆ ಯಾವ ಖಾನಾವಳಿ ಅಂತ ನನಗೆ ಗೊತ್ತಾಯಿತು! ನಾನು ಉಣ್ಣುವುದೂ ಅಲ್ಲೇ. ಅವ್ವಾರು ನಿಮ್ಮ ಬಗ್ಗೆ ಹೇಳುತ್ತಿದ್ದರು. ಮಂಡ್ಯದ ಹುಡುಗಿ ಮೊದಲ ದಿನ ಮೂರು ರೊಟ್ಟಿ ಉಂಡಳು ಅಂತ ಅವರಿಗೆ ಬಹಳ ಖುಷಿ.

ಹೊಸ ಸದಸ್ಯೆ

ನಮಸ್ತೆ. ನಾನು ಕೋಲಾರ ಕಡೆಯವಳು. ಮುಂದಿನ ತಿಂಗಳು ಶಿಕ್ಷಕಿಯಾಗಿ ಬ್ಯಾಡಗಿ ತಾಲೂಕಿಗೆ ಬರುತ್ತಿದ್ದೇನೆ. ಶಾಲೆ ಹಳ್ಳಿಯಲ್ಲಿ, ಉಳಿಯೋದು ಬ್ಯಾಡಗಿಯಲ್ಲಿ. ಇದನ್ನೆಲ್ಲ ಓದಿ ಸ್ವಲ್ಪ ಧೈರ್ಯ ಬಂತು. ಆ ಖಾನಾವಳಿ ಎಲ್ಲಿದೆ ಅಂತ ಹೇಳ್ತೀರಾ?

ಕಾವೇರಿ ಸೀಮೆಯವಳು

ಬನ್ನಿ ಅಕ್ಕಾ. ಬಂದ ದಿನ ನನಗೆ ಇಲ್ಲೇ ಮೆಸೇಜ್ ಮಾಡಿ, ನಾನೇ ಕರೆದುಕೊಂಡು ಹೋಗ್ತೀನಿ. ಸೋಮವಾರ, ಗುರುವಾರ ಬಿಟ್ಟು ಬೇರೆ ದಿನ ಬನ್ನಿ. ಐದರೊಳಗೆ ತಿಳಿಸಿದರೆ ಅವ್ವನಿಗೆ ಇಬ್ಬರ ಲೆಕ್ಕ ಹೇಳಿಡ್ತೀನಿ.